ಹಿತ್ತಲ ಬದನೆಯ ಬಡಾಯಿ

ಹಿತ್ತಲ ಗಿಡ ಮದ್ದಲ್ಲ ಎನ್ನುವ ಜನವೇ ಹಿತ್ತಲ ಬದನೆಕಾಯಿಯನ್ನು ಮಾತ್ರ ಅಮೃತವೆಂದು ಓಣಿಗೆಲ್ಲ ಹಂಚುತ್ತಾರೆ. 1953ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದೋನಿ, ಆಲೂರು, ಚಿಪ್ಪಗಿರಿಯ ಕಡೆ ಈ ಸಡಗರ ಮಳೆಗಾಲ ಮುಗಿಯುತ್ತಿದ್ದಂತೆ ಶುರುವಾಗುತ್ತದೆ. ಮೊರದಲ್ಲಿ ನಾಲ್ಕು ಕಾಯಿ ಪಕ್ಕದ ಮನೆಗೆ ಬರುತ್ತವೆ. "ನಮ್ ಹಿತ್ತಲದಾಗಿಂದು ರೀ, ಒಂದು ಹನಿ ಎಣ್ಣಿ ಹೊಡದಿಲ್ಲ" ಎಂಬ ಮಾತೂ ಜೊತೆಗೇ ಬರುತ್ತದೆ. ಎಣ್ಣೆಗಾಯಿಗೆಂದು ಸೀಳಿದಾಗ ಬಣ್ಣ ಬಯಲು: ಒಂದರಲ್ಲಿ ಹುಳು, ಇನ್ನೊಂದರಲ್ಲಿ ಕಂದುಗಟ್ಟಿದ ಬೀಜ, ಮತ್ತೊಂದು ನಾಲಿಗೆಗೆ ಕಹಿ.

ಹುಳುವಿನ ವಿಷಯದಲ್ಲಿ ಹಿತ್ತಲಿನವರನ್ನು ಬೈಯುವಂತಿಲ್ಲ. ಕುಡಿ ಮತ್ತು ಕಾಯಿ ಕೊರಕದ ಪತಂಗಕ್ಕೆ ಹೊಲ ಯಾವುದು, ಹಿತ್ತಲು ಯಾವುದು ಎಂಬ ಭೇದವಿಲ್ಲ. ಎಲೆಗೆ ಇಟ್ಟ ಮೊಟ್ಟೆಯಿಂದ ಹೊರಬಂದ ಮರಿ ಮೊದಲು ಎಳೆಯ ಕುಡಿಯನ್ನು ಕೊರೆಯುತ್ತದೆ. ಉಳಿದ ಗಿಡ ಹಸಿರಾಗಿರುವಾಗ ಒಂದು ತುದಿ ಮಾತ್ರ ಬಾಡಿ ಜೋತುಬಿದ್ದರೆ ಅದೇ ಗುರುತು. ಕಾಯಿ ಕಟ್ಟಿದ ಮೇಲೆ ಅದರೊಳಗೆ ನುಗ್ಗಿ, ತೂತಿಗೆ ತನ್ನ ಹಿಕ್ಕೆಯನ್ನೇ ಬಿರಡೆಯಾಗಿ ಜಡಿಯುತ್ತದೆ. ಮೇಲೆ ಎದ್ದು ಕಾಣುವ ದೊಡ್ಡ ತೂತು ಹುಳು ಹೊಟ್ಟೆ ತುಂಬಿಸಿಕೊಂಡು ಹೊರಟುಹೋದ ದಾರಿ.

ಇಲ್ಲಿ ಬೇವಿನೆಣ್ಣೆ ಪಂಥದವರ ಜೊತೆ ಒಂದು ಹಳೆಯ ಬಾಕಿ ತೀರಿಸಬೇಕಿದೆ. ಹುಳು ಕಾಯಿಯೊಳಗೆ ಸೇರಿದ ಮೇಲೆ ಹೊರಗೆ ಏನು ಸಿಂಪಡಿಸಿದರೂ ಅದು ಸಿಪ್ಪೆಗೆ ಸ್ನಾನ ಅಷ್ಟೆ. ಬಾಡಿದ ಕುಡಿಯನ್ನು ಆಗಾಗ ಕತ್ತರಿಸಿ ಸುಡುವ ಬೇಸರದ ಕೆಲಸವೇ ಮದ್ದು. ತಿಪ್ಪೆಗೆಸೆದರೆ ಹುಳು ಅಲ್ಲಿಂದಲೇ ಪತಂಗವಾಗಿ ಮರಳುತ್ತದೆ. ಎದುರಿನ ಪಂಥವೂ ಕಡಿಮೆಯದಲ್ಲ. ಇದೇ ಹುಳುವಿಗಾಗಿ ಬಿಟಿ ಬದನೆ ಬಂತು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ನಾಟಿ ತಳಿಗಳಿಗೂ ಹುಳು ತಡೆಯುವ ಆ ಗುಣ ಸೇರಿಸಿತು. 2010ರ ಫೆಬ್ರುವರಿ 9ರಂದು ಆಗಿನ ಪರಿಸರ ಸಚಿವ ಜೈರಾಂ ರಮೇಶ್ ಅದರ ಬಿಡುಗಡೆಯನ್ನು ತಡೆಹಿಡಿದರು. ಆ ಗದ್ದಲದಲ್ಲಿ ಎರಡೂ ಕಡೆಯವರು ಹುಳುವಿನ ಬಗ್ಗೆ ಮಾತಾಡಿದಷ್ಟು ರುಚಿಯ ಬಗ್ಗೆ ಮಾತಾಡಲಿಲ್ಲ.

ರುಚಿ ಕೆಡಿಸುವುದು ಬಹುಪಾಲು ಯಜಮಾನರ ಮಮಕಾರ. ಮಾರುವ ರೈತ ಎರಡು ಮೂರು ದಿನಕ್ಕೊಮ್ಮೆ ಕಾಯಿ ಬಿಡಿಸುತ್ತಾನೆ. ಹಿತ್ತಲಿನವರು "ಇನ್ನಷ್ಟು ದಪ್ಪ ಆಗಲಿ" ಎಂದು ದಿನಾ ನೋಡಿ ಸುಮ್ಮನಾಗುತ್ತಾರೆ. ಸಿಪ್ಪೆಯ ಹೊಳಪು ಮಾಸಿತೆಂದರೆ ಬೀಜ ಬಲಿಯಿತು, ಕಹಿ ಏರಿತು. ನೀರಿನ ಪಾಡೂ ಅಷ್ಟೆ. ಬಚ್ಚಲ ನೀರು ಹರಿದ ದಿನ ಮಡಿ ಕೆಸರು, ಹರಿಯದ ದಿನ ಎರೆಮಣ್ಣು ಬಿರುಕು. ಹೀಗೆ ಹೊಯ್ದಾಡಿದ ಗಿಡದಿಂದ ಸಿಹಿಯನ್ನು ಕೇಳುವುದು ಅನ್ಯಾಯ.

ಹೂ ಉದುರಿದರೆ ದೃಷ್ಟಿ ತಾಗಿತೆಂದು ಹಳೆಯ ಚಪ್ಪಲಿ ಕಟ್ಟುವವರು ಒಮ್ಮೆ ಹೂವನ್ನು ಹತ್ತಿರದಿಂದ ನೋಡಬೇಕು. ಒಂದೇ ಗಿಡದಲ್ಲಿ ಕೆಲವು ಹೂಗಳ ಶಲಾಕೆ ಹಳದಿ ಕೇಸರಗಳನ್ನು ದಾಟಿ ಹೊರಗೆ ಇಣುಕುತ್ತದೆ, ಕೆಲವುಗಳಲ್ಲಿ ಗಿಡ್ಡಾಗಿ ಒಳಗೇ ಅಡಗಿರುತ್ತದೆ. ಗಿಡ್ಡ ಶಲಾಕೆಯ ಹೂ ಕಾಯಿ ಕಟ್ಟುವುದಿಲ್ಲ. ಬಿಸಿಲು 35 ಡಿಗ್ರಿ ದಾಟಿದರೆ ಉಳಿದವೂ ಉದುರುತ್ತವೆ. ರಾಯಲಸೀಮೆಯಲ್ಲಿ ಬೇಸಿಗೆಯ ಬದನೆ ಎಂದರೆ ಎಲೆ ಮಾತ್ರ.

ಈ ವಾರ ಬರೆಯಬೇಕೆಂದಿದ್ದದ್ದು ಕಹಿ ತೆಗೆಯುವ ಉಪಾಯಗಳನ್ನು. ಆದರೆ ಚಿಪ್ಪಗಿರಿಯ ಹೆಸರೆತ್ತಿದ ಮೇಲೆ ಬೇರೊಂದು ದಾರಿ ಹಿಡಿಯದೆ ವಿಧಿಯಿಲ್ಲ. ಊರಿನ ಗುಡ್ಡದ ಮೇಲೆ ಹಳೆಯ ಬಸದಿ. ಕೆಳಗೆ 1755ರಲ್ಲಿ ದೇಹಬಿಟ್ಟ ಮಾಧ್ವ ಹರಿದಾಸ ವಿಜಯದಾಸರ ಸನ್ನಿಧಿ. ಬದನೆಯ ಮಟ್ಟಿಗೆ ಎರಡೂ ಕಡೆ ಒಂದೇ ತಕರಾರು: ಅದು ಬಹುಬೀಜ. ಕಟ್ಟುನಿಟ್ಟಿನ ಜೈನರು ಅದನ್ನು ದೂರವಿಡುತ್ತಾರೆ. ಆದರೂ 16ನೆಯ ಶತಮಾನದ ಆದಿಯಲ್ಲಿದ್ದ ಜೈನಕವಿ ಮೂರನೆಯ ಮಂಗರಸ ತನ್ನ 'ಸೂಪಶಾಸ್ತ್ರ'ದಲ್ಲಿ ಬದನೆಯ ಅಡುಗೆಗೇ ಒಂದು ಅಧ್ಯಾಯ ಬಿಟ್ಟುಕೊಟ್ಟ. ಶಾಸ್ತ್ರ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ. ಮಾಧ್ವರಲ್ಲೂ ಹಾಗೇ. ಉಡುಪಿಯ ಮಟ್ಟು ಗುಳ್ಳದ ಬೀಜ ಕೊಟ್ಟವರು ಯತಿ ವಾದಿರಾಜರೆಂದೇ ಐತಿಹ್ಯ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತೂ ಸಿಕ್ಕಿತು.

ಆದರೆ ಚಾತುರ್ಮಾಸ್ಯದ ಕೊನೆಯ ತಿಂಗಳ ದ್ವಿದಳ ವ್ರತದಲ್ಲಿ ಬೇಳೆಯ ಜೊತೆ ಬಹುಬೀಜದ ಕಾಯಿಗಳೂ ನಿಷಿದ್ಧ. ವಿಜಯದಾಸರ ಆರಾಧನೆ ಕಾರ್ತಿಕ ಶುದ್ಧ ದಶಮಿ, ಅಂದರೆ ವ್ರತ ಮುಗಿಯುವ ಹೊಸ್ತಿಲಲ್ಲಿ. ಬಿಸಿಲು ತಗ್ಗಿ ಬದನೆ ನಿಜವಾಗಿ ರುಚಿಗೆ ಬರುವುದೂ ಆ ಹೊತ್ತಿಗೇ. ವ್ರತಸ್ಥರು ಅಡುಗೆಮನೆಗೆ ತರುವಂತಿಲ್ಲ. ಕಾಯಿ ಗಿಡದಲ್ಲೇ ಹಬ್ಬ ಕಾಯುತ್ತದೆ. ಉತ್ಥಾನ ದ್ವಾದಶಿ ಕಳೆದು ಕಿತ್ತಾಗ ಕೈಗೆ ಸಿಗುವುದು ತಿಂಗಳು ಬಲಿತ ಬೀಜದ ಗಂಟು. ಅಂಥವರಿಗೆ ಈ ಅಂಕಣದ ಸೂಚನೆ ಇಷ್ಟು: ಆ ತಿಂಗಳು ಎಳೆಗಾಯಿಗಳನ್ನು ವ್ರತವಿಲ್ಲದ ಮನೆಗೆ ಕೊಟ್ಟುಬಿಡಿ, ಒಳ್ಳೆಯ ಗಿಡದ ಒಂದೇ ಒಂದು ಕಾಯಿಯನ್ನು ಹಳದಿಯಾಗುವ ತನಕ ಬೀಜಕ್ಕೆ ಬಿಡಿ, ದ್ವಾದಶಿಯ ಮರುದಿನದ ಎಣ್ಣೆಗಾಯಿಗೆ ಸಂತೆಯಿಂದ ತನ್ನಿ.