‘ಒಂದು ಬಗೆಯ ಹಕ್ಕಿ’: ಕಾರಮಡೈಯ ದಿನನಿತ್ಯದ ಛಾಯಾಚಿತ್ರಗಳನ್ನು ಕುರಿತು

ಕೊಯಮತ್ತೂರಿನಿಂದ ಮೆಟ್ಟುಪಾಳ್ಯಂಗೆ ಹೋಗುವ ಪ್ಯಾಸೆಂಜರ್ ರೈಲು ಕಾರಮಡೈಯನ್ನು ಸಮೀಪಿಸುವಾಗ ಎಡಗಡೆಗೆ ಬೆಟ್ಟಸಾಲು ತೆರೆದುಕೊಳ್ಳುತ್ತದೆ. ಅದನ್ನು ಕಿಟಕಿಯ ಸರಳುಗಳ ನಡುವಿನಿಂದ ತೆಗೆದ ಚಿತ್ರವೊಂದು ಈ ಭಾಗದ ಕನ್ನಡ ಮನೆಗಳ ಫೋನುಗಳಲ್ಲಿ ಯಾವಾಗಲೂ ಓಡಾಡುತ್ತಿರುತ್ತದೆ. ತೆಗೆದವರು ಬೇರೆ, ದಿನ ಬೇರೆ. ಚಿತ್ರ ಮಾತ್ರ ಒಂದೇ. ನೇಕಾರಿಕೆಯ, ಒಕ್ಕಲುತನದ ಹಿನ್ನೆಲೆಯ ಪರಿಚಿತರು ತಮ್ಮ ಬಂಧುವರ್ಗದಲ್ಲಿ ಹಂಚಿಕೊಂಡು ನನಗೂ ಕಳುಹಿಸಿದ ಹಕ್ಕಿ, ರೈಲು, ತೋಟ, ಪ್ರವಾಸಗಳ ಚಿತ್ರಗಳನ್ನು ಕೆಲವು ತಿಂಗಳು ನೋಡಿದ ಮೇಲೆ ಈ ಟಿಪ್ಪಣಿಯನ್ನು ಬರೆಯುತ್ತಿದ್ದೇನೆ. ಇವುಗಳನ್ನು ವಿಮರ್ಶೆಗೆ ಒಳಪಡಿಸುವುದು ಅತಿಯಾಯಿತೆಂದು ಕೆಲವರಿಗೆ ಅನ್ನಿಸಬಹುದು. ನನಗೆ ಹಾಗೆ ಅನ್ನಿಸಿಲ್ಲ.

ಮೊದಲು ರೈಲು. ನೀಲಗಿರಿ ಬೆಟ್ಟದ ರೈಲು ಭಾರತದಲ್ಲಿ ಅತಿ ಹೆಚ್ಚು ಚಿತ್ರಿತವಾದ ರೈಲುಗಳಲ್ಲಿ ಒಂದು. 1854ರಲ್ಲೇ ಪ್ರಸ್ತಾಪವಾಗಿ, 1891ರಲ್ಲಿ ಕೆಲಸ ಆರಂಭವಾಗಿ, 1908ರಲ್ಲಿ ಪೂರ್ಣಗೊಂಡ ಈ 46 ಕಿಲೋಮೀಟರಿನ ಮೀಟರ್ ಗೇಜ್ ಮಾರ್ಗ 326 ಮೀಟರ್ ಎತ್ತರದಿಂದ 2,203 ಮೀಟರಿಗೆ ಏರುತ್ತದೆ. ಕಲ್ಲಾರಿನಿಂದ ಕೂನೂರಿನವರೆಗೆ ಹಳಿಗಳ ನಡುವಿನ ಹಲ್ಲುಕಂಬಿಯನ್ನು ಕಚ್ಚಿ ಹತ್ತುತ್ತದೆ. 2005ರಲ್ಲಿ ಯುನೆಸ್ಕೋ ಮಾನ್ಯತೆ ದೊರೆಯಿತು. ಇಷ್ಟು ಪ್ರಸಿದ್ಧವಾದ ವಸ್ತುವಿನ ಮುಂದೆ ಸಾಮಾನ್ಯ ಛಾಯಾಗ್ರಾಹಕನ ಕಣ್ಣು ಸೋಲುತ್ತದೆ. ಹೊಗೆ, ತಿರುವು, ಸೇತುವೆ, ಬಾಗಿಲಿನಿಂದ ಹೊರಚಾಚಿದ ಕೈ: ಕ್ಯಾಲೆಂಡರು ಮತ್ತು ಸಿನಿಮಾ ಕಲಿಸಿದ ಕೋನದಲ್ಲೇ ಎಲ್ಲರೂ ನಿಲ್ಲುತ್ತಾರೆ. ನಾನು ನೋಡಿದ ಇಂಥ ಚಿತ್ರಗಳಲ್ಲಿ ಒಂದೂ ನೆನಪಿನಲ್ಲಿ ಉಳಿದಿಲ್ಲ.

ಉಳಿದದ್ದು ಕೆಳಗಿನ ರೈಲು. ಕಾರಮಡೈ ಕರಿಬೇವಿನ ಸೀಮೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕರಿಬೇವಿನ ಕಟ್ಟು. ಅದರ ಪಕ್ಕದಲ್ಲಿ ಚಪ್ಪಲಿ ಬಿಟ್ಟು ಕಾಲು ಮಡಚಿ ಕುಳಿತ ಹೆಂಗಸು. ಹಿಂದೆ, ಅರ್ಧ ಮಸುಕಾಗಿ, ಒಳಬರುತ್ತಿರುವ ಗಾಡಿ. ತೆಗೆದವರು ಗಾಡಿಯನ್ನು ತೆಗೆಯಹೋಗಿ ತಡಮಾಡಿದ್ದರು. ಆ ತಡದಿಂದಲೇ ಚಿತ್ರ ಬಂದಿದೆ. ಪ್ರವಾಸಿಗೆ ರೈಲು ನೋಟದ ವಸ್ತು. ದಿನವೂ ಹೋಗಿಬರುವವನಿಗೆ ಅದು ಹೊತ್ತು. ಎರಡನೆಯದನ್ನು ಹಿಡಿದ ಚಿತ್ರಗಳು ಈ ಕಂತೆಯಲ್ಲಿ ಕಡಿಮೆ. ಇರುವಷ್ಟೂ, ತೆಗೆದವರ ದೃಷ್ಟಿಯಲ್ಲಿ, ಕೆಟ್ಟುಹೋದ ಚಿತ್ರಗಳು.

ಹಕ್ಕಿಗಳ ವಿಷಯಕ್ಕೆ ಬಂದರೆ ಮಾತು ಬೆಳೆಯುತ್ತದೆ. ಕೊಯಮತ್ತೂರಿನ ಹೊಲಗದ್ದೆಗಳಲ್ಲಿ ನವಿಲಿಗೆ ಕೊರತೆಯಿಲ್ಲ, ಆದ್ದರಿಂದ ಗರಿಬಿಚ್ಚಿದ ನವಿಲಿನ ಚಿತ್ರಕ್ಕೂ ಕೊರತೆಯಿಲ್ಲ. ಇವುಗಳ ನಡುವೆ ಒಮ್ಮೆ, ಕಾಂಪೌಂಡ್ ಗೋಡೆಯ ಮೇಲೆ ಕುಳಿತ, ಕಂದುಕೆಂಪು ರೆಕ್ಕೆಯ, ಕೆಂಗಣ್ಣಿನ ಹಕ್ಕಿಯೊಂದರ ಚಿತ್ರ ಬಂತು. ಬೆಳಕು ಎದುರಿನಿಂದ ಬಿದ್ದು ಬಾಲ ತುಂಡಾಗಿತ್ತು. ಕಳುಹಿಸಿದ ಹುಡುಗ ಅಡಿಯಲ್ಲಿ ತಮಿಳು ಲಿಪಿಯಲ್ಲಿ ‘ಚೆಂಬೋತ್ತು’ ಎಂದು ಬರೆದಿದ್ದ. ಅವನ ಅಜ್ಜಿ ಬರೆಯಬಲ್ಲವರಲ್ಲ. ಧ್ವನಿಯಲ್ಲಿ ಉತ್ತರ ಕಳುಹಿಸಿದರು: ಅದು ಕೆಂಬೂತ ಅಲ್ಲವೇನೋ ಮಗಾ.

ದ್ರಾವಿಡ ಭಾಷೆಗಳ ಧ್ವನಿವಿಕಾಸವನ್ನು ಬೋಧಿಸುವ ನಮಗೆ ಇದು ತೀರ ಪರಿಚಿತ ಪಾಠ. ತಾಲವ್ಯ ಸ್ವರದ ಮುಂದಿನ ಕಕಾರ ತಮಿಳಿನಲ್ಲಿ ಚಕಾರವಾಗುತ್ತದೆ, ಕನ್ನಡದಲ್ಲಿ ಉಳಿಯುತ್ತದೆ, ಕಿವಿ–ಚೆವಿ, ಕೆಂ–ಚೆಂ. ತರಗತಿಯಲ್ಲಿ ಬರ್ರೋ ಮತ್ತು ಎಮೆನೊ ಅವರ ಕೋಶವನ್ನು ಬಿಡಿಸಿ ತೋರಿಸುವ ಸಂಬಂಧ ಇಲ್ಲಿ ಒಂದೇ ಮನೆಯ ಎರಡು ತಲೆಮಾರುಗಳ ನಡುವೆ, ಒಂದು ಗೋಡೆಯ ಮೇಲಿನ ಒಂದು ಹಕ್ಕಿಯನ್ನು ಕುರಿತು ನಡೆದಿದೆ. ನವಿಲನ್ನು ನೋಡಿ ಕೆಂಬೂತ ಪುಕ್ಕ ಕೆದರಿತೆಂಬ ನಮ್ಮ ಗಾದೆಯ ಜಾಗದಲ್ಲಿ ತಮಿಳಿನ ಮಾತು ವಾನ್‌ಕೋಳಿಯನ್ನು ಕುಣಿಸುತ್ತದೆ ಎಂಬುದನ್ನೂ ಸೇರಿಸಬಹುದು. ಹುಡುಗನಿಗೆ ಎರಡನೆಯದು ಶಾಲೆಯಿಂದ ಗೊತ್ತು. ಮೊದಲನೆಯದು ಗೊತ್ತಿರಲಿಲ್ಲ, ಅಂದು ಗೊತ್ತಾಯಿತು.

ಚಿತ್ರ ಸಾಧಾರಣದ್ದು, ನಿಜ. ಆದರೆ ಅದು ಮಾಡಿದ ಕೆಲಸವನ್ನು ನಮ್ಮ ಪದಸಂಗ್ರಹಗಳು ಮಾಡಿಲ್ಲ. ಕನ್ನಡ ನಿಘಂಟುಗಳಲ್ಲಿ ಹಕ್ಕಿಯ ಹೆಸರಿನ ಎದುರು ‘ಒಂದು ಬಗೆಯ ಹಕ್ಕಿ’ ಎಂಬ ಅರ್ಥವನ್ನು ಎಷ್ಟು ಬಾರಿ ಓದಿದ್ದೇವೆ! ಉಪಭಾಷೆಗಳನ್ನು ಕುರಿತ ನಮ್ಮ ಪ್ರಬಂಧಗಳ ಅನುಬಂಧಗಳೂ ಇದೇ ಜಾಡಿನವು, ನನ್ನದೂ ಹೊರತಲ್ಲ. ಪದವನ್ನು ಸರಿಯಾಗಿ ಬರೆದುಕೊಂಡು ಬಂದೆವು, ಪದಾರ್ಥವನ್ನು ಅಲ್ಲೇ ಬಿಟ್ಟು ಬಂದೆವು. 1862–64ರಲ್ಲಿ ಭಾರತದ ಹಕ್ಕಿಗಳ ಗ್ರಂಥವನ್ನು ಹೊರತಂದ ಸೇನಾವೈದ್ಯ ಜೆರ್ಡನ್ ಹಕ್ಕಿಯ ವಿವರಣೆಯೊಂದಿಗೆ ದೇಶಭಾಷೆಯ ಹೆಸರುಗಳನ್ನೂ ಕೊಟ್ಟಿದ್ದ. ಅವನು ಭಾಷಾವಿಜ್ಞಾನಿಯಲ್ಲ. ಹಕ್ಕಿ ಮತ್ತು ಹೆಸರು ಒಂದೇ ಪುಟದಲ್ಲಿರಬೇಕೆಂಬ ವಿವೇಕ ಅವನಿಗಿತ್ತು.

ಲಿಪಿಯ ತೊಡಕು ಇನ್ನೊಂದು. ಈ ಮನೆಗಳಲ್ಲಿ ಕನ್ನಡ ಆಡುವ ಭಾಷೆ, ತಮಿಳು ಬರೆಯುವ ಭಾಷೆ. ಕನ್ನಡದ ಹೆಸರನ್ನು ತಮಿಳು ಲಿಪಿಗೆ ಇಳಿಸಿದರೆ ಘೋಷ–ಅಘೋಷಗಳ ಭೇದ ಕರಗುತ್ತದೆ. ಕೆರೆಯ ಚಿತ್ರವೊಂದರ ಅಡಿಯಲ್ಲಿ ಯಾರೋ ‘ಬಾತು’ ಎಂದು ಬರೆಯಹೊರಟರು. ಒತ್ತಿಲ್ಲದೆ ಬರೆದರೆ ತಕಾರ ದಕಾರವಾಗಿ ಕೇಳುತ್ತದೆಂದು ಒತ್ತು ಕೊಟ್ಟರು. ತಮಿಳು ಕಣ್ಣಿಗೆ ಅದು ‘ಪಾತ್ತು’, ಎಂದರೆ ಆಡುಮಾತಿನಲ್ಲಿ ‘ನೋಡಿಕೊಂಡು’. ಅರ್ಧ ಬಳಗ ಅದನ್ನು ನೀರಿನ ಬಳಿ ಎಚ್ಚರಿಕೆ ಎಂದು ಓದಿತು. ನಗಬಹುದಾದ ಪ್ರಸಂಗ, ಆದರೆ ಬರೆದವರು ಮುಂದಿನ ಬಾರಿ ವಾತ್ತು ಎಂದೇ ಬರೆದರು. ಭಾಷೆಯೊಂದು ಮನೆಯಿಂದ ಹೊರನಡೆಯುವುದು ಇಷ್ಟು ಸಣ್ಣ ಸೌಕರ್ಯಗಳ ಮೂಲಕ.

ಹಕ್ಕಿಯ ಚಿತ್ರಕ್ಕೆ ಮಾತು ಕೂಡಿಸಿದವರ ದೊಡ್ಡ ಪರಂಪರೆ ನಮ್ಮ ಎರಡೂ ಕಡೆ ಇದೆ. ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿ ಪುಕ್ಕ’, ‘ಮಿಂಚುಳ್ಳಿ’ಗಳನ್ನು ಕನ್ನಡ ಓದುಗರಿಗೆ ಪರಿಚಯಿಸಬೇಕಾಗಿಲ್ಲ. ತಮಿಳಿನ ಎಂ. ಕೃಷ್ಣನ್ 1940ರ ದಶಕದಲ್ಲಿ ಕನ್ನಡ ಸೀಮೆಯ ಸಂಡೂರು ಸಂಸ್ಥಾನದಲ್ಲಿ ನೌಕರಿಯಲ್ಲಿದ್ದವರು. ಕಪ್ಪು–ಬಿಳುಪಿನಲ್ಲಿ ವನ್ಯಜೀವಿಗಳನ್ನು ಚಿತ್ರಿಸುತ್ತ, 1950ರಿಂದ 1996ರಲ್ಲಿ ತೀರಿಕೊಳ್ಳುವವರೆಗೂ ಸ್ಟೇಟ್ಸ್‌ಮನ್ ಪತ್ರಿಕೆಗೆ ಅಂಕಣ ಬರೆದರು. ಇಬ್ಬರಲ್ಲೂ ಚಿತ್ರ ಬಂದದ್ದು ಕಾಯುವುದರಿಂದ. ಕಾರಮಡೈಯ ಹುಡುಗ ಕಾಯಲಿಲ್ಲ, ಹಲ್ಲುಜ್ಜುತ್ತಿದ್ದಾಗ ಕಂಡದ್ದನ್ನು ತೆಗೆದ. ಈ ವ್ಯತ್ಯಾಸವನ್ನು ಮುಚ್ಚಿಟ್ಟು ದಿನನಿತ್ಯದ ಚಿತ್ರವನ್ನು ಕಲೆಯ ಪೀಠಕ್ಕೇರಿಸುವುದು ಪ್ರಾಮಾಣಿಕವಲ್ಲ. ಹಾಗೆಂದು ತೇಜಸ್ವಿಯವರ ಪುಸ್ತಕ ಆ ಅಜ್ಜಿಯ ಕೈ ತಲುಪುವಂತೆಯೂ ಇಲ್ಲ: ಅವರಿಗೆ ಭಾಷೆ ಇದೆ, ಲಿಪಿ ಇಲ್ಲ.

ದೋಷಗಳನ್ನೂ ಹೇಳಬೇಕು. ಗೂಡಿನ ಚಿತ್ರಗಳು ಬೇಸರ ತರುತ್ತವೆ. ಕೊಂಬೆ ಸರಿಸಿ ಮರಿಗಳ ತೆರೆದ ಬಾಯಿಯನ್ನು ಹಿಡಿದ ಚಿತ್ರಕ್ಕೆ ಮೆಚ್ಚುಗೆ ಸುರಿಯುತ್ತದೆ. ಸರಿದ ಕೊಂಬೆಯಿಂದ ಗೂಡು ಕಾಗೆಯ ಕಣ್ಣಿಗೂ ಬಿತ್ತೆಂಬುದನ್ನು ಯಾರೂ ಕೇಳುವುದಿಲ್ಲ. ಬೆಟ್ಟದ ದಾರಿಯಲ್ಲಿ ಆನೆ ಕಂಡರೆ ಗಾಡಿಯಿಂದ ಇಳಿದು ತೆಗೆದ ಚಿತ್ರಗಳ ಬಗ್ಗೆ ಬರೆಯಲು ಮನಸ್ಸಿಲ್ಲ. ಎಲ್ಲಿಂದಲೋ ಬಂದ ಸುಂದರ ಚಿತ್ರವನ್ನು ‘ನಮ್ಮ ತೋಟದಲ್ಲಿ’ ಎಂದು ದಾಟಿಸುವ ಚಾಳಿಯೂ ಉಂಟು. ಅಂಥ ಒಂದು ಚಿತ್ರ ಸೇರಿಕೊಂಡರೆ ಇಡೀ ಕಂತೆಯ ಸಾಕ್ಷ್ಯ ಕೆಡುತ್ತದೆ.

ನಮ್ಮಂಥ ಕೇಂದ್ರಗಳು ಇವನ್ನು ಸಂಗ್ರಹಿಸುವುದಾದರೆ ಚಿತ್ರದ ಜೊತೆಗೆ ಅದರ ಕೆಳಗೆ ನಡೆದ ಮಾತನ್ನೂ, ಧ್ವನಿಯನ್ನೂ ಮನೆಯವರ ಒಪ್ಪಿಗೆ ಪಡೆದು ಇಡಬೇಕು. ಊರು, ತಿಂಗಳು, ಹೇಳಿದವರ ವಯಸ್ಸು ನಮೂದಾಗಬೇಕು. ಮನೆಯ ಹೆಸರನ್ನು ಬೆಂಗಳೂರಿನ ಪುಸ್ತಕದ ಹೆಸರಿಗೆ ತಿದ್ದಬಾರದು. ಮರಂಕೊತ್ತಿ ಎಂದವರಿಗೆ ‘ಮರಕುಟಿಗ ಎನ್ನಿ’ ಎಂದು ಹೇಳುವ ಉತ್ಸಾಹ ನಮ್ಮಲ್ಲಿ ಕೆಲವರಿಗಿದೆ. ಹಾಗೆ ತಿದ್ದಿಸಿಕೊಂಡವರೊಬ್ಬರು ಆಮೇಲೆ ನನಗೆ ಚಿತ್ರಗಳನ್ನು ಕಳುಹಿಸಿದರು, ಅಡಿಯಲ್ಲಿ ಏನನ್ನೂ ಬರೆಯಲಿಲ್ಲ. ತಿದ್ದಿದವನು ನಾನೇ.