ನೂಲು ಸಾಹುಕಾರರದು, ಮೈ ನೇಕಾರರದು

ಚೀನಾದ ಹುವಾವೇ ಕಂಪನಿ ಕಟ್ಟಿದ ರೆನ್ ಝೆಂಗ್‌ಫೈ ಕುರಿತ ಪುಸ್ತಕ ಓದಿ ಮುಗಿಸಿದ ದಿನ ನನಗೆ ನೆನಪಾದದ್ದು ಇಳಕಲ್ಲಿನಲ್ಲಿ ಸೀರೆಗೆ ಕೊಂಡಿ ಹಾಕುವ ಹೆಣ್ಣುಮಕ್ಕಳು. ತಿಯಾನ್ ತಾವೊ, ಡೇವಿಡ್ ಡಿ ಕ್ರೀಮರ್, ವು ಚುನ್‌ಬೊ ಮೂವರೂ ಸೇರಿ ಬರೆದ 'ಹುವಾವೇ: ಲೀಡರ್‌ಶಿಪ್, ಕಲ್ಚರ್ ಅಂಡ್ ಕನೆಕ್ಟಿವಿಟಿ' 2017ರಲ್ಲಿ ಬಂತು. ರೆನ್ ಅವರಿಂದ ಕಲಿಯಬೇಕಾದ ನಾಯಕತ್ವದ ಪಾಠಗಳೆಂದು ಈಗ ಊರೂರಿನ ತರಬೇತಿಗಳಲ್ಲಿ ಹೇಳುವ ಮಾತುಗಳಲ್ಲಿ ಬಹಳಷ್ಟು ಇಂಥ ಬರಹಗಳಿಂದಲೇ ಇಳಿದು ಬಂದವು. ಬಾಗಲಕೋಟೆಯ ನವನಗರದಲ್ಲಿ ಸಣ್ಣ ಉದ್ದಿಮೆದಾರರಿಗಾಗಿ ನಡೆದ ಒಂದು ತರಬೇತಿಯಲ್ಲೂ ಕೇಳಿದೆ: ತೋಳದಂತೆ ಹಸಿದಿರಿ, ಆಫೀಸಿನಲ್ಲೇ ಚಾಪೆ ಹಾಸಿ ಮಲಗಿ, ಚಳಿಗಾಲ ಬರುವ ಮೊದಲೇ ಅದಕ್ಕೆ ಹೆದರಿ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಇಬ್ಬರು ನೇಕಾರರು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ನನಗೆ ಸಂಕಟವಾದದ್ದು ಅಲ್ಲಿ.

ರೆನ್ ಬದುಕು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. 1944ರಲ್ಲಿ ಗುಯಿಝೌ ಪ್ರಾಂತ್ಯದ ಬಡ ಸೀಮೆಯಲ್ಲಿ, ಶಿಕ್ಷಕರ ಮನೆಯಲ್ಲಿ, ಏಳು ಮಕ್ಕಳಲ್ಲಿ ಹಿರಿಯನಾಗಿ ಹುಟ್ಟಿದವರು. ಬರಗಾಲದ ಹಸಿವನ್ನು ಉಂಡವರು. ಸೈನ್ಯದ ಎಂಜಿನಿಯರಿಂಗ್ ದಳದಲ್ಲಿ ದುಡಿದು, ಅದು ವಿಸರ್ಜನೆಯಾದ ಮೇಲೆ 1987ರಲ್ಲಿ ಶೆನ್‌ಝೆನ್‌ನಲ್ಲಿ 21 ಸಾವಿರ ಯುವಾನ್ ಬಂಡವಾಳದಿಂದ ಅಂಗಡಿ ತೆರೆದರು. ಮೊದಲು ಮಾಡಿದ್ದು ಹಾಂಗ್‌ಕಾಂಗ್‌ನಿಂದ ಟೆಲಿಫೋನ್ ಸ್ವಿಚ್ ತರಿಸಿ ಮಾರುವ ದಲ್ಲಾಳಿ ಕೆಲಸ. ಆಮೇಲೆ ಸ್ವಂತ ಸ್ವಿಚ್ ಮಾಡಿದರು. ಎರಿಕ್ಸನ್, ಸೀಮೆನ್ಸ್‌ನಂಥ ವಿದೇಶಿ ಕಂಪನಿಗಳು ದೊಡ್ಡ ಶಹರುಗಳಲ್ಲಿ ಕಾಲೂರಿದ್ದಾಗ ಇವರು ಹಳ್ಳಿಗಳಿಗೆ ಹೋದರು. ಹಳ್ಳಿಯಲ್ಲಿ ಇಲಿಗಳು ಕೇಬಲ್ ಕಡಿಯುತ್ತಿದ್ದವು. ಅದು ತಮ್ಮ ತಲೆನೋವಲ್ಲ ಎಂದು ಉಳಿದವರು ಬಿಟ್ಟಾಗ, ಹುವಾವೇಯವರು ಇಲಿಯ ಹಲ್ಲಿಗೆ ಬಗ್ಗದ ಕೇಬಲ್ಲನ್ನೂ ಉಪಕರಣವನ್ನೂ ಮಾಡಿಕೊಟ್ಟರು. ಪುಸ್ತಕದಲ್ಲಿ ನನಗೆ ಬಹಳ ಹಿಡಿಸಿದ ಪ್ರಸಂಗ ಇದೇ. ಇಳಕಲ್ ಜವಳಿ ವ್ಯಾಪಾರವೂ ಹೀಗೆಯೇ ಬೆಳೆದದ್ದು. ಮಹಾರಾಷ್ಟ್ರದ, ಉತ್ತರ ಕರ್ನಾಟಕದ ಹೊಲದಲ್ಲಿ ದುಡಿಯುವ ಹೆಂಗಸು ಏನನ್ನು ಉಡುತ್ತಾಳೆ, ಸೆರಗನ್ನು ತಲೆಯ ಮೇಲೆ ಹೇಗೆ ಹೊದೆಯುತ್ತಾಳೆ ಎಂಬುದನ್ನು ತಿಳಿದು ನೇಯ್ದ ಸೀರೆ ಅದು.

ಈಗ ಕೊಂಡಿಯ ಮಾತು. ಇಳಕಲ್ ಸೀರೆಯ ಒಡಲು ಮತ್ತು ಸೆರಗು ಒಂದೇ ಹಾಸಿನಲ್ಲಿ ಹುಟ್ಟುವುದಿಲ್ಲ. ಒಡಲಿನ ಹಾಸು ಬೇರೆ, ಕೆಂಪು ರೇಷ್ಮೆಯ ಸೆರಗಿನ ಹಾಸು ಬೇರೆ. ನೇಯ್ಗೆಗೆ ಮೊದಲು ಎರಡನ್ನೂ ಎಳೆಎಳೆಯಾಗಿ ಕೂಡಿಸಬೇಕು. ಒಂದು ಎಳೆಯ ಕುಣಿಕೆಯೊಳಗೆ ಇನ್ನೊಂದು ಎಳೆಯ ಕುಣಿಕೆ ತೂರಿಸುವುದು, ಬೆರಳಿನಿಂದ ಹೊಸೆಯುವುದು, ಬಿಗಿ ನೋಡುವುದು, ಮುಂದಿನ ಎಳೆ. ಸಾವಿರಾರು ಸಲ ಹೀಗೆ. ಒಂದು ಎಳೆ ತಪ್ಪಿದರೆ ಸೀರೆಯುದ್ದಕ್ಕೂ ಗೆರೆ ಬೀಳುತ್ತದೆ. ಕಿಟಕಿಯ ಬೆಳಕಿಗೆ ಮುಖ ಮಾಡಿ ಕುಳಿತ ಹೆಣ್ಣುಮಗಳು ಮಾತಾಡುತ್ತಲೇ ಇರುತ್ತಾಳೆ, ಕಣ್ಣು ಮಾತ್ರ ಎಳೆ ಬಿಟ್ಟು ಕದಲುವುದಿಲ್ಲ. ಆಮೇಲೆ ಗಂಡನೋ ಮಾವನೋ ಕುಣಿಯೊಳಗೆ ಕಾಲಿಳಿಸಿ ಕೂತು ಲಾಳಿ ಹೊಡೆಯುತ್ತಾನೆ. ಕೆಂಪಿನ ಮೇಲೆ ಬಿಳಿ ಗೋಪುರಗಳ ತೋಪತೆನಿ ಸೆರಗು ಮೂಡುವುದು ಹೀಗೆ. ನೂರಾರು ಮೀಟರ್ ಹಾಸನ್ನು ಒಂದೇ ಉಸಿರಿನಲ್ಲಿ ನುಂಗುವ ವಿದ್ಯುತ್ ಮಗ್ಗಕ್ಕೆ ಪ್ರತಿ ಸೀರೆಗೆ ನಿಂತು ಕೊಂಡಿ ಹಾಕಿಸಿಕೊಳ್ಳುವ ತಾಳ್ಮೆ ಇಲ್ಲ. ಹಾಗಾಗಿ ಅಲ್ಲಿ ತಯಾರಾಗುವುದು ಇಳಕಲ್ಲಿನ ಬಣ್ಣ, ಇಳಕಲ್ಲಿನ ದಡಿ, ಕೊಂಡಿಯಲ್ಲ.

ಇಂಥ ಮನೆಗಳಿಗೆ ಹೋಗಿ 'ಇನ್ನಷ್ಟು ದುಡಿಯಿರಿ, ಚೀನಾದವರನ್ನು ನೋಡಿ' ಎಂದು ಹೇಗೆ ಹೇಳುವುದು? ಮಗ್ಗದ ಪಕ್ಕದಲ್ಲೇ ಉಂಡು, ಮಗ್ಗದ ಪಕ್ಕದಲ್ಲೇ ಮಲಗುವವರು ಅವರು. ಬಹಳ ಮನೆಗಳಲ್ಲಿ ನೂಲು ಸಾಹುಕಾರರದು, ಮಗ್ಗ ಮತ್ತು ಮೈ ನೇಕಾರರದು. ಸೀರೆಗೆ ಇಷ್ಟು ಎಂದು ಮಜೂರಿ. ಕಂಡಿಕೆ ಸುತ್ತಿದವಳಿಗೂ ಕೊಂಡಿ ಹಾಕಿದವಳಿಗೂ ಎಷ್ಟೋ ಕಡೆ ಬೇರೆ ಲೆಕ್ಕವೇ ಇಲ್ಲ. ಅದು ಮನೆಗೆಲಸದಲ್ಲಿ ಸೇರಿಹೋಗುತ್ತದೆ. ಬೆಲೆ ಏರಿದರೆ ಏರಿಕೆ ಅಂಗಡಿಯಲ್ಲಿ ನಿಲ್ಲುತ್ತದೆ, ಬೇಡಿಕೆ ಬಿದ್ದರೆ ಪೆಟ್ಟು ಕುಣಿಮಗ್ಗಕ್ಕೆ ಇಳಿಯುತ್ತದೆ. ಇದನ್ನು ಸರಿಪಡಿಸಲೆಂದೇ ಸಹಕಾರ ಸಂಘಗಳು ಹುಟ್ಟಿದವು, 1975ರಲ್ಲಿ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಬಂತು, 1985ರಲ್ಲಿ ಕೈಮಗ್ಗದ ಬಟ್ಟೆಗಳನ್ನು ಮೀಸಲಿಡುವ ಕೇಂದ್ರ ಕಾಯ್ದೆ ಬಂತು, ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ಮನ್ನಣೆಯೂ ಸಿಕ್ಕಿತು. ಆದರೂ ಲಾಭದಲ್ಲಿ ಪಾಲು ಯಾರಿಗೆ ಎಂಬ ಪ್ರಶ್ನೆ ಇದ್ದಲ್ಲೇ ಇದೆ.

ರೆನ್ ಅವರ ನಿಜವಾದ ಹೆಚ್ಚುಗಾರಿಕೆ ಇರುವುದು ಈ ಪ್ರಶ್ನೆಯಲ್ಲೇ. ಕಂಪನಿಯಲ್ಲಿ ಅವರ ಸ್ವಂತ ಪಾಲು ಶೇ. 1ರ ಆಸುಪಾಸು. ಉಳಿದದ್ದು ಕಾರ್ಮಿಕ ಒಕ್ಕೂಟದ ಮೂಲಕ ಒಂದು ಲಕ್ಷಕ್ಕೂ ಹೆಚ್ಚು ನೌಕರರ ಹೆಸರಿನಲ್ಲಿದೆ. ಎರಡನೆಯದು ಕಲಿಕೆ. ಕಂಪನಿ ಏರುತ್ತಿದ್ದಾಗಲೇ, 1998ರ ಹೊತ್ತಿಗೆ, ಐಬಿಎಂ ಸಲಹೆಗಾರರನ್ನು ಕರೆಸಿ ವರ್ಷಗಟ್ಟಲೆ ಪಾಠ ಹೇಳಿಸಿಕೊಂಡರು. ಚಪ್ಪಲಿಗೆ ಕಾಲು ಹೊಂದದಿದ್ದರೆ ಕಾಲನ್ನೇ ಕೊರೆದುಕೊಳ್ಳಬೇಕು ಎಂಬಷ್ಟು ಹಟದಿಂದ ಕಲಿತರು. ಮಾರಾಟದ ಹಣದಲ್ಲಿ ಕನಿಷ್ಠ ಹತ್ತರಲ್ಲಿ ಒಂದು ಪಾಲು ಸಂಶೋಧನೆಗೆ ಎಂದು ನಿಯಮ ಬರೆದುಕೊಂಡರು. 2023ರಲ್ಲಿ ಅದು ಶೇ. 23 ದಾಟಿತ್ತು. 2019ರಲ್ಲಿ ಅಮೆರಿಕ ಚಿಪ್ ಬಾಗಿಲು ಮುಚ್ಚಿದಾಗಲೂ ಕಂಪನಿ ಉಳಿದದ್ದಕ್ಕೆ ಬಲವಾದ ಕಾರಣ ಈ ಇಡುಗಂಟು. ಅದರ ಚಿಪ್ ವಿನ್ಯಾಸದ ಘಟಕ 2004ರಿಂದಲೇ ಕೆಲಸ ಮಾಡುತ್ತಿತ್ತು.

ಪುಸ್ತಕದ ಮೇಲಿನ ನನ್ನ ತಕರಾರು ಇಲ್ಲಿಂದ ಶುರು. ಬರೆದವರಲ್ಲಿ ತಿಯಾನ್ ತಾವೊ ಮತ್ತು ವು ಚುನ್‌ಬೊ ಹುವಾವೇಗೆ ಸಲಹೆ ಕೊಟ್ಟವರು, ಮನೆಯವರೇ ಎನ್ನಬೇಕು. ಹಾಗಾಗಿ ನೆರಳಿನ ಕಡೆ ಬೆಳಕು ಕಡಿಮೆ. ನೌಕರರ ಪಾಲು ಎನ್ನುವುದು ಮಾರಲು ಬಾರದ, ಕೆಲಸ ಬಿಡುವಾಗ ಸಾಮಾನ್ಯವಾಗಿ ಹಿಂದಿರುಗಿಸಬೇಕಾದ ಪಾಲು. ಲಾಭಾಂಶ ಉಂಟು, ಒಡೆತನ ಅರ್ಧ. ದೊಡ್ಡ ತೀರ್ಮಾನಗಳನ್ನು ತಡೆಯುವ ಅಧಿಕಾರ ರೆನ್ ಕೈಯಲ್ಲೇ ಇದೆ. ಆ ಪಾಲು ಚೀನೀ ನೌಕರರಿಗಷ್ಟೇ. 1999ರಿಂದ ಬೆಂಗಳೂರಿನ ಸಂಶೋಧನಾ ಕೇಂದ್ರದಲ್ಲಿ ದುಡಿದ ನಮ್ಮ ಎಂಜಿನಿಯರುಗಳು ಆ ಬಾಗಿಲಿನ ಹೊರಗೆ. 2006ರಲ್ಲಿ ಹಗಲಿರುಳು ದುಡಿದ 25 ವರ್ಷದ ಎಂಜಿನಿಯರ್ ಒಬ್ಬ ಕಾಯಿಲೆ ಬಿದ್ದು ತೀರಿಕೊಂಡಾಗ ಆ ಚಾಪೆಯ ಸಂಸ್ಕೃತಿಯ ಬಗ್ಗೆ ಚೀನಾದಲ್ಲೇ ಗದ್ದಲವೆದ್ದಿತು. ಮರುವರ್ಷ, ಹೊಸ ಕಾರ್ಮಿಕ ಕಾಯ್ದೆ ಜಾರಿಯಾಗುವ ಮೊದಲು, ಎಂಟು ವರ್ಷ ದಾಟಿದ ಸುಮಾರು 7 ಸಾವಿರ ನೌಕರರಿಂದ ರಾಜೀನಾಮೆ ಕೊಡಿಸಿ ಹೊಸದಾಗಿ ಸೇರಿಸಿಕೊಂಡರು. 2003ರಲ್ಲಿ ಸಿಸ್ಕೊ ಹೂಡಿದ ನಕಲಿನ ಮೊಕದ್ದಮೆ, ಸರ್ಕಾರಿ ಬ್ಯಾಂಕಿನ ದೊಡ್ಡ ಸಾಲದ ಆಸರೆ, ಇವೂ ಆ ಕಥೆಯ ಭಾಗವೇ. ಒಬ್ಬ ಮನುಷ್ಯನ ಛಲದಿಂದಲೇ ಎಲ್ಲ ಆಯಿತೆಂದು ನಂಬಿ ಇಳಕಲ್ಲಿನ ಹುಡುಗನೊಬ್ಬ ಸಾಲ ಮಾಡಿ ಹತ್ತು ಮಗ್ಗ ಹಾಕಿದರೆ ಅವನ ಬೆನ್ನಿಗೆ ಯಾವ ಬ್ಯಾಂಕೂ ಹಾಗೆ ನಿಲ್ಲುವುದಿಲ್ಲ.

ಸ್ಥಾಪಕನ ನಂತರ ಏನು ಎಂಬ ಚಿಂತೆ ರೆನ್ ಅವರಿಗೂ ಇತ್ತು. ಮೂವರು ಆರಾರು ತಿಂಗಳು ಮುಖ್ಯಸ್ಥರಾಗುವ ಸರದಿ ಪದ್ಧತಿಯನ್ನು ಅವರು ತಂದದ್ದು ಅದಕ್ಕೇ. ಸ್ಥಾಪಕನನ್ನು ಮೀರಿ ನಡೆಯುವ ಸಂಸ್ಥೆ ಇಳಕಲ್ ಸುತ್ತಲಿನ ಹುನಗುಂದ ಸೀಮೆಯವರಿಗೆ ಹೊಸ ವಿಚಾರವೇನಲ್ಲ. ನಮ್ಮ ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘದವರು ಶತಮಾನಗಳ ಕಾಲ ದಕ್ಷಿಣ ಭಾರತದ ಉದ್ದಗಲಕ್ಕೆ ವ್ಯಾಪಾರ ಮಾಡಿದರು. ಸುಮಾತ್ರಾ ದ್ವೀಪದ ಬಾರುಸ್ ಬಳಿ 1088ರ ತಮಿಳು ಶಾಸನದಲ್ಲಿ ಆ ಐನೂರ್ವರ ಹೆಸರಿದೆ. ಅವರಿಗೆ ವೀರಬಣಂಜು ಧರ್ಮವೆಂಬ ಕಟ್ಟಳೆ ಇತ್ತು, ಧ್ವಜ ಇತ್ತು. ಒಬ್ಬ ಸ್ಥಾಪಕನ ಮೂರ್ತಿ ಇರಲಿಲ್ಲ. ಆ ಸಂಘದೊಳಗೆ ದುಡಿವವರ ಪಾಲು ಎಷ್ಟಿತ್ತೆಂದು ಹೊಗಳಿಕೆಯ ಶಾಸನಗಳನ್ನು ಓದಿ ಹೇಳಲು ಬಾರದು. ಆದರೆ ಒಬ್ಬನ ಕೈ ಮೀರಿ ನಿಲ್ಲುವ ಸಂಸ್ಥೆ ಈ ಮಣ್ಣಿನ ಹೆಸರಿನಲ್ಲೇ ಇತ್ತು.

ಹಾಗಾಗಿ ನನ್ನ ಮಾತು ಇಷ್ಟು: ರೆನ್ ಪುಸ್ತಕವನ್ನು ನೇಕಾರರಿಗೆ ಓದಿಸಬೇಡಿ. ಜವಳಿ ಸಾಹುಕಾರರಿಗೆ, ಸಂಘಗಳ ಆಡಳಿತ ಮಂಡಳಿಗೆ ಓದಿಸಿ. ಚಾಪೆಯ ಅಧ್ಯಾಯ ಬಿಟ್ಟು ಪಾಲಿನ ಅಧ್ಯಾಯ ತೆರೆದು ಕೊಡಿ. ಹಬ್ಬದ, ಮದುವೆಯ ಸುಗ್ಗಿಯ ಲಾಭದಲ್ಲಿ ಮಗ್ಗದ ಮನೆಗೆ ಎಷ್ಟು ಬಂತು, ಹೊಸ ಬಣ್ಣಕ್ಕೆ, ಹೊಸ ವಿನ್ಯಾಸಕ್ಕೆ, ಮಕ್ಕಳಿಗೆ ಕೊಂಡಿ ಕಲಿಸುವುದಕ್ಕೆ ಎಷ್ಟು ಎತ್ತಿಟ್ಟರು ಎಂಬ ಲೆಕ್ಕವನ್ನು ಬೋರ್ಡಿನ ಮೇಲೆ ಬರೆಯಲಿ. ಕೊಂಡಿ ಹಾಕುವವಳ ಕೂಲಿ ಅವಳ ಹೆಸರಿನಲ್ಲೇ ಬೇರೆ ಸಾಲಿನಲ್ಲಿ ಬರಲಿ.

ಬಾದಾಮಿಗೆ ಹತ್ತಿರದ ಪಟ್ಟದಕಲ್ಲಿನಲ್ಲಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯವಿದೆ. ಅವಳ ಗಂಡ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ಎದ್ದ ಗುಡಿ ಅದು. ಅಲ್ಲಿನ ಶಾಸನ ಅರಸನ ಹೆಸರಿನ ಜೊತೆಗೆ ಗುಡಿ ಕಟ್ಟಿದ ಗುಂಡನ ಹೆಸರನ್ನೂ, ಅವನಿಗೆ ಪೆರ್ಜೆರೆಪು ಎಂಬ ಗೌರವದ ಪಟ್ಟ ಕಟ್ಟಿದ್ದನ್ನೂ ಹೇಳುತ್ತದೆ. ರಜೆಯ ದಿನ ಆ ಗುಡಿಯ ಅಂಗಳದಲ್ಲಿ ಇಳಕಲ್ ಸೀರೆ ಉಟ್ಟು, ಗುಳೇದಗುಡ್ಡದ ಖಣ ತೊಟ್ಟ ಹೆಣ್ಣುಮಕ್ಕಳು ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಸೀರೆಯ ಮಡಿಕೆಯಲ್ಲಿ ಬರುವುದು ಅಂಗಡಿಯ ಚೀಟಿ. ನೇಯ್ದವನ ಹೆಸರು, ಕೊಂಡಿ ಹಾಕಿದವಳ ಹೆಸರು ಬರೆಯಲು ಅದರ ಪಕ್ಕದಲ್ಲಿ ಇನ್ನೊಂದು ಸಣ್ಣ ಚೀಟಿ ಸಾಕು. ಮುಂದಿನ ದಸರೆಯ ಸೀರೆಗಳಿಂದಲೇ ಶುರು ಮಾಡಬಹುದು.