ದೇವಿಯಾದವಳು ಮಾತಾಡುವಂತಿಲ್ಲ

ಸಲ್ಮಾನ್ ರಶ್ದಿಯವರ ‘ಮಿಡ್‌ನೈಟ್ಸ್ ಚಿಲ್ಡ್ರನ್’ (1981) ಕಾದಂಬರಿಯ ಸಲೀಂ ಸಿನಾಯ್ 1947ರ ಆಗಸ್ಟ್ 15ರ ನಡುರಾತ್ರಿ ದೇಶದ ಜೊತೆಗೇ ಹುಟ್ಟಿದವನು. ಭೂಗೋಳದ ಮೇಷ್ಟ್ರು ಅವನ ಮುಖವನ್ನೇ ಭಾರತದ ನಕಾಶೆ ಮಾಡಿ ಗೇಲಿ ಮಾಡುತ್ತಾನೆ. ಮುಖದ ಮಚ್ಚೆಗಳು ಪಾಕಿಸ್ತಾನವಾಗುತ್ತವೆ. ಕಿತ್ತುಬಂದ ಕೂದಲು, ತುಂಡಾದ ಬೆರಳು, 1965ರ ಯುದ್ಧದಲ್ಲಿ ಕಳೆದುಹೋದ ಮನೆಮಂದಿ, ಅದರ ಜೊತೆಗೇ ನೆನಪು, ಕೊನೆಗೆ ತುರ್ತುಪರಿಸ್ಥಿತಿಯ ಸಂತಾನಹರಣ. ದೇಶಕ್ಕೆ ಆದದ್ದೆಲ್ಲ ಇವನ ಮೈಮೇಲೂ ಆಗಲೇಬೇಕು! ಆ ಚಾತುರ್ಯಕ್ಕೆ ತಲೆದೂಗುತ್ತೇನೆ. ಆದರೆ ಸಲೀಮನ ಗಾಯ ನಮಗೆ ನೋಯುವ ಮೊದಲೇ ಅದರ ಅರ್ಥ ಗೊತ್ತಾಗಿಬಿಟ್ಟಿರುತ್ತದೆ; ಆ ವಾಚಾಳಿ ತಾನೇ ವಿವರಿಸಿರುತ್ತಾನೆ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಹಾಗೆ ಬಲವಂತಕ್ಕೆ ಸಿಕ್ಕಿದ ಬಡವರಿಗೆ ಅದು ಯಾವುದರ ರೂಪಕವೂ ಆಗಿರಲಿಲ್ಲ.

ಮಂಟೋ ಇಂಥ ವಿವರಣೆಗೆ ಕೈಹಾಕುವುದಿಲ್ಲ. ಅವರ ವಿಭಜನೆಯ ಕಥೆ ‘ಖೋಲ್ ದೋ’ದ ಸಕೀನಾಳನ್ನು ಹಾಳು ಮಾಡುವವರು ಅವಳನ್ನು ಹುಡುಕಿಕೊಡಲು ಹೊರಟ ಅವಳದೇ ಸಮುದಾಯದ ಸ್ವಯಂಸೇವಕರು. ಹಾಗಾಗಿ ಅವಳ ನೋವನ್ನು ಬಾವುಟ ಮಾಡಿಕೊಳ್ಳಲು ಎರಡೂ ದೇಶಗಳಿಗೆ ಆಗುವುದಿಲ್ಲ.

ಒಬ್ಬರ ನೋವನ್ನು ದೇಶದ ನೋವಾಗಿಸುವ ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡ ಕಥೆ ರಾಜಿಂದರ್ ಸಿಂಗ್ ಬೇಡಿಯವರ ‘ಲಾಜವಂತಿ’. ವಿಭಜನೆಯಲ್ಲಿ ಅಪಹರಣವಾದ ಹೆಂಗಸರನ್ನು ಎರಡೂ ಸರ್ಕಾರಗಳು ಹುಡುಕಿ ಅದಲುಬದಲು ಮಾಡಿಕೊಳ್ಳುತ್ತಿದ್ದ ಕಾಲ. ಅದಕ್ಕೆಂದೇ ಭಾರತ 1949ರಲ್ಲಿ ಕಾಯ್ದೆ ಮಾಡಿತು. ಹೆಂಗಸು ಒಲ್ಲೆ ಎಂದರೂ ಕಳಿಸಬಹುದಿತ್ತು. ಯಾರ ಮಾನ ಯಾವ ದೇಶದ್ದು ಎಂಬುದು ಕಡತದಲ್ಲಿ ತೀರ್ಮಾನವಾಗುತ್ತಿತ್ತು. ಕಥೆಯ ಸುಂದರಲಾಲ ಮರಳಿದ ಹೆಂಗಸರನ್ನು ಮನೆತುಂಬಿಸಿಕೊಳ್ಳಿ ಎಂದು ಸಾರುವ ಸಮಿತಿಯ ಕಾರ್ಯದರ್ಶಿ. ಬೆಳಗಾಗುವ ಮುನ್ನ ಹಾಡುತ್ತ ಬೀದಿ ಸುತ್ತುತ್ತಾನೆ. ಅಗಸನ ಮಾತು ಕೇಳಿ ಸೀತೆಯನ್ನು ಬಿಟ್ಟ ರಾಮನ ಬಗ್ಗೆ ದೇವಸ್ಥಾನದ ಹಿರಿಯರೊಡನೆ ವಾದಕ್ಕಿಳಿಯುತ್ತಾನೆ. ಒಂದು ಕಾಲಕ್ಕೆ ಹೆಂಡತಿ ಲಾಜೋಳನ್ನು ಮನಬಂದಂತೆ ಹೊಡೆಯುತ್ತಿದ್ದವನೂ ಇವನೇ.

ಅಪಹರಣವಾಗಿದ್ದ ಲಾಜೋ ಮರಳುತ್ತಾಳೆ. ಸೊರಗಿರುತ್ತಾಳೆ ಅಂದುಕೊಂಡಿದ್ದರೆ ಮೈಕೈ ತುಂಬಿಕೊಂಡಿದ್ದಾಳೆ. ಅದು ಗಂಡನಿಗೆ ಒಳಗೊಳಗೇ ಚುಚ್ಚುತ್ತದೆ. ನಿನ್ನನ್ನು ಇಟ್ಟುಕೊಂಡಿದ್ದವನು ಯಾರು, ಹೊಡೆಯುತ್ತಿದ್ದನೇ ಎಂದು ಕೇಳುತ್ತಾನೆ. ಜುಮ್ಮಾ ಹೊಡೆಯುತ್ತಿರಲಿಲ್ಲ, ಆದರೂ ಅವನೆಂದರೆ ಭಯವಿತ್ತು. ನೀನು ಹೊಡೆದರೂ ನಿನ್ನ ಭಯವಿರಲಿಲ್ಲ ಎನ್ನುತ್ತಾಳೆ. ಇನ್ನು ಮುಂದೆ ಹೊಡೆಯಲಾರೆ, ನೀನು ದೇವಿ ಎನ್ನುತ್ತಾನೆ ಸುಂದರಲಾಲ. ಉಳಿದದ್ದನ್ನು ಹೇಳಿ ಹಗುರಾಗಬೇಕೆಂದು ಅವಳು ಬಾಯಿ ತೆರೆದರೆ, ಆದದ್ದು ಆಯಿತು ಎಂದು ಮುಚ್ಚಿಸುತ್ತಾನೆ. ಹೊಡೆತ ತಪ್ಪಿತು, ಅದರೊಡನೆ ಚಿಕ್ಕದಕ್ಕೆ ಜಗಳಾಡಿ ಚಿಕ್ಕದಕ್ಕೇ ರಾಜಿಯಾಗುತ್ತಿದ್ದ ಸಂಸಾರವೂ ಹೋಯಿತು.

ಸುಂದರಲಾಲ ಕಪಟಿಯಲ್ಲ. ಬೀದಿಯಲ್ಲಿ ಆಡಿದ್ದನ್ನು ಮನೆಯಲ್ಲೂ ನಡೆಸುವ ಅಪರೂಪದ ಸುಧಾರಕ. ಅವನನ್ನು ಖಳನಾಗಿಸಿದ್ದರೆ ಓದುಗರು ಸಲೀಸಾಗಿ ಪಾರಾಗುತ್ತಿದ್ದರು. ಸಾಹಿತ್ಯ ಹೆಂಗಸಿನ ನೋವನ್ನು ದೇಶದ ನೋವೆಂದು ಪೂಜಿಸುವಾಗ ಮಾಡುವುದೂ ಇವನ ಕೆಲಸವನ್ನೇ.

ಜುಮ್ಮಾನ ಮನೆಯಲ್ಲಿ ಕಳೆದ ದಿನಗಳನ್ನು ಕಥೆ ನಮಗೂ ಹೇಳುವುದಿಲ್ಲ. ಇದನ್ನು ಬೇಡಿಯವರ ಮಿತಿ ಎನ್ನಬಹುದು, ನನಗಂತೂ ಹಾಗನ್ನಿಸದು. ಹೇಳಿಬಿಟ್ಟಿದ್ದರೆ ನಾವು ಒಂದಿಷ್ಟು ಮರುಗಿ, ವಿಭಜನೆಯ ದುರಂತ ಎಂದು ಹೆಸರಿಟ್ಟು ಪುಟ ಮಗುಚುತ್ತಿದ್ದೆವು.